ಕಾಗೆಯ ಪಾಲು

ಬೆಟಗೇರಿ
ತಾ. ೧೮-೧೧-೧೯೪೮, ಗುರುವಾರ ಮುಂಜಾನೆ

ಚಿ. ಸೌ. ಸುಮಿತ್ರವ್ವಗೆ ಪುಂಡಲೀಕಪ್ಪನ ಆಶೀರ್ವಾದ.

ಮೊದಲು ನಿನ್ನ ಮೈಯ ಸುದ್ದಿ ತಿಳಿಸು. ಎದ್ದ ಕೂಡಲೇ ಕಣ್ಣಿಗೆ ಕತ್ತಲೆ ಬರುವುದು ಕಡಿಮೆಯಾಯಿತೇ? ಅಡರಕಟ್ಟಿಯಲ್ಲಿ ಈ ಸಲ ಚಳಿ ಬೇಗ ಬಿದ್ದಿದೆಯಂತೆ. ಮಾವನವರ ಕೆಮ್ಮಿಗೆ ಆಡುಸೋಗೆಯ ಕಷಾಯ ಬಿಡದೆ ಕೊಡಿರಿ. ನೀನು ಅರ್ಧ ರೊಟ್ಟಿ ಉಂಡು ಕೈ ತೊಳೆಯುತ್ತೀ ಎಂದು ನಿನ್ನ ತಮ್ಮ ಅಂದಪ್ಪ ನಿನ್ನೆ ಹೇಳಿದ. ಇದೇ ಮನೆಯಲ್ಲಿ ನೀನು ಶೇಂಗಾಹಿಂಡಿಗೆ ಕುಸುಬಿ ಎಣ್ಣೆ ಹಾಕಿಕೊಂಡು, ಹಸಿ ಉಳ್ಳಾಗಡ್ಡಿ ಕಡಿಯುತ್ತ, ನನಗಿಂತ ಹೆಚ್ಚು ಉಂಡು ನನ್ನನ್ನೇ ಚಾಷ್ಟಿ ಮಾಡುತ್ತಿದ್ದೆ. ನಾನು ಆರಾಮ ಇದ್ದೇನೆ. ಮಗ್ಗ ನಡೆದಿದೆ. ನೂಲು ಸಿಗುವುದು ಮಾತ್ರ ಕಷ್ಟವಾಗಿದೆ. ದಿನದ ಕೊನೆಗೆ ಎರಡು ಸಾಲು ಬರೆದಿಡುವ ನನ್ನ ಚಟವನ್ನೂ ಬಿಟ್ಟಿಲ್ಲ. ನೀನು ನಗುತ್ತಿದ್ದ ಆ ವಹಿಯಲ್ಲಿ ಈಗೀಗ ಮಗ್ಗದ ಮಾತು ಕಡಿಮೆ, ರೊಟ್ಟಿಯ ಮಾತೇ ಹೆಚ್ಚು.

ಅಂದಪ್ಪ ಪೇಟೆಗೆ ಶೇಂಗಾ ಹಾಕಿ ನಿನ್ನೆ ಸಂಜೆ ಬಂದ. ಬಂದವನು ನೀರು ಸಹ ಕುಡಿಯದೆ ನಿನ್ನ ಮಾತು ಮುಟ್ಟಿಸಿದ. "ಅಕ್ಕ ಬರತಾಳಂತ ಮಾವಾ. ಬರೂ ಸೋಮವಾರ ಗಾಡಿ ಕಟ್ಟು ಅಂದಾಳ. ತನ್ನ ಮಗಳು ಉಂಡಾಳ ಅಂತ ಕೇಳಿ ಭಾಳ ಅತ್ಲು, ಆಮ್ಯಾಲ ತಾನಽ ಎದ್ದು ಸೀರಿ ಗಂಟು ಕಟ್ಟಿದ್ಲು" ಎಂದ. ನನ್ನ ಕೈ ಲಾಳಿಯ ಮೇಲೆಯೇ ನಿಂತಿತು. ಪಕ್ಕದ ಮನೆಯ ಕರಿಯವ್ವ ದೀಪಾವಳಿಯ ಮುಂಚೆ ಇವನು ಬಂದಾಗ ಎಡೆಯ ಸುದ್ದಿ ಹೇಳಿ ಕಳಿಸಿದ್ದಾಳೆ ಎಂಬುದು ನನಗೆ ಗೊತ್ತೇ ಇರಲಿಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ. ಅಂದಪ್ಪ ಊಟ ಮಾಡಿ ಹೊರಡುತ್ತಾನೆ. ಅಷ್ಟರೊಳಗೆ ಬರೆದು ಅವನ ಕೈಯಲ್ಲೇ ಕೊಡಬೇಕು. ನೀನು ಬರುವುದಾದರೆ ಈ ಮನೆಯೊಳಗೆ ಈಗ ಏನಿದೆ ಎಂಬುದನ್ನು ತಿಳಿದುಕೊಂಡೇ ಬರಬೇಕು.

ನನ್ನ ತಂಗಿ ಹನಮಂತವ್ವನ ಇಬ್ಬರು ಮಕ್ಕಳು ಇಲ್ಲಿರುವುದು ನಿನಗೆ ತಿಳಿದದ್ದೇ. ಬೇಸಿಗೆಯ ಕೊನೆಗೆ ಮೊಗಲಾಯಿಯಲ್ಲಿ ಗದ್ದಲ ಹೆಚ್ಚಾಗಿ, ನಿಜಾಮರ ಸೀಮೆಯ ಜನ ರಾತ್ರೋರಾತ್ರಿ ಮುಂಡರಗಿಗೆ ಬಂದು ಬೀಳುತ್ತಿದ್ದರಲ್ಲ, ಆಗ ಅವಳೂ ಅವಳ ಗಂಡ ದೇವಪ್ಪನೂ ಹೊಲ ಮನೆ ಬಿಡಲಾರದೆ ಮಕ್ಕಳನ್ನಷ್ಟೇ ಗಡಿ ದಾಟಿಸಿದರು. ಹುಡುಗಿ ದ್ಯಾಮವ್ವಗೆ ಐದು ತುಂಬಿ ಆರು ನಡೆದಿದೆ. ಹುಡುಗ ಹುಲಗಪ್ಪನಿಗೆ ಮೂರು ಆಗಿರಬೇಕು. ಇಷ್ಟು ನಿನಗೆ ಬರೆದಿದ್ದೆ. ಅವು ಹೇಗೆ ಉಣ್ಣುತ್ತವೆ ಎಂಬುದನ್ನು ಬರೆದಿರಲಿಲ್ಲ. ಬರೆಯಲು ಧೈರ್ಯ ಸಾಲಲಿಲ್ಲ.

ಮುಂಡರಗಿಯಿಂದ ಅವನ್ನು ಇದ್ದಿಲ ಹೊಗೆಯಿಂದ ಓಡುವ ಬಸ್ಸಿನಲ್ಲಿ ಕರೆದು ತಂದವನು ನಮ್ಮ ನೂಲಿನ ಯಂಕಪ್ಪ. ಬಾಗಿಲಲ್ಲಿ ನಿಂತು, "ತಗೋಪಾ ನಿನ್ನ ಅಳಿಯ-ಸೊಸಿನ್ನ. ನನ್ನ ಬುತ್ತಿ ತಿಂದ್ವು, ಡ್ರೈವರನ ಬುತ್ತಿ ತಿಂದ್ವು, ಯಾರೋ ಮುದುಕಿ ಬೀಗರ ಮನಿಗೆ ಒಯ್ಯೂ ಕರ್ಚಿಕಾಯಿ ಗಂಟಿಗೆ ಕೈ ಹಾಕಿದ್ವು. ನಿನ್ನ ಮನಿ ಬಾಗಲಾ ಗಟ್ಟಿ ಐತೇನು ನೋಡಿಕೋ, ಅದನ್ನೂ ತಿಂದಾವು" ಎಂದು ನಗುತ್ತ ಹೋದ. ಹಾದಿಯಲ್ಲಿ ಹಸಿದಿವೆ, ಪಾಪ, ಎಂದುಕೊಂಡೆ. ಆ ಸಂಜೆ ಕರಿಯವ್ವ ನನಗೂ ಅವಕ್ಕೂ ಮರುದಿನಕ್ಕೂ ಸೇರಿಸಿ ರೊಟ್ಟಿ ಬಡಿದು ಕೊಟ್ಟಿದ್ದಳು. ಮಕ್ಕಳ ಮುಂದೆ ರೊಟ್ಟಿ ಎಣಿಸಬಾರದು ಎಂದು ನೀನೇ ಹೇಳುತ್ತಿದ್ದೆ. ಅದಕ್ಕೇ ಎಣಿಸಲಿಲ್ಲ. ಬುಟ್ಟಿಯ ತಳ ಕಾಣಿಸಿತು ಎಂದಷ್ಟೇ ಬರೆಯುತ್ತೇನೆ. ಹುಡುಗನ ಕೈ ನೋಡಿದರೆ ನನ್ನ ಹೆಬ್ಬೆರಳಿನಷ್ಟಿದೆ. ಹೊಟ್ಟೆಯೂ ಅಷ್ಟಕ್ಕಷ್ಟೇ. ಆ ರೊಟ್ಟಿ ಎಲ್ಲಿ ಹೋಗುತ್ತದೆ ಎಂಬುದು ಇನ್ನೂ ನನಗೆ ತಿಳಿದಿಲ್ಲ.

ಹಸಿವೆಯ ಭಯ ಇರಬೇಕು, ನಾಲ್ಕು ದಿನಕ್ಕೆ ಸರಿಹೋಗುತ್ತದೆ ಎಂದರು ಓಣಿಯವರು. ಹೋಗಲಿಲ್ಲ. ಹೊಟ್ಟೆಯಲ್ಲಿ ಜಂತು ಇರಬೇಕು ಎಂದರು. ಬೇವಿನ ರಸ ಕುಡಿಸಿದೆ. ಅದನ್ನೂ ಕುಡಿದು ಬಟ್ಟಲು ನೆಕ್ಕಿ, "ಇದರ ಸಂಗಾಟ ಏನು ಕೊಡ್ತಿ ಮಾಮಾ?" ಎಂದು ಕೇಳಿದಳು ದ್ಯಾಮಿ. ಕೊನೆಗೆ ಹನಮಂತಿಗೇ ಹೇಳಿ ಕಳಿಸಿದೆ. "ಅವು ಹುಟ್ಟಿದಾಗಿಂದ ಹಂಗಽ ಅದಾವ ಅಣ್ಣಾ. ನನಗ ನಾಚಿಕಿ ಬರತೈತಿ, ಯಾರ ಮನಿಗೂ ಕರಕೊಂಡು ಹೋಗೂದಿಲ್ಲ" ಎಂದು ಉತ್ತರ ಬಂತು. ಆಮೇಲೆ ನಾನು ಚಿಂತೆ ಬಿಟ್ಟು ರೊಟ್ಟಿ ಬಡಿಯಲು ಕಲಿತೆ. ದಿನವೂ ಕರಿಯವ್ವಗೆ ಹೇಳುವುದು ಸರಿಯಲ್ಲ. ಒಲೆಯ ಮುಂದೆ ಕೂರಿಸಿ ಅವಳೇ ಕಲಿಸಿದಳು. ನನ್ನ ಮೊದಲ ರೊಟ್ಟಿ ನೋಡಿ, "ಎಮ್ಮಿ ಕಿವಿ ಕೊಯ್ದು ಹಂಚಿನ ಮ್ಯಾಲ ಹಾಕ್ದಂಗ ಐತಿ" ಎಂದಳು. ಮಕ್ಕಳು ಆ ಕಿವಿಯನ್ನೂ ಬಿಡಲಿಲ್ಲ.

ನಗುವ ಮಾತು ಇನ್ನೊಂದಿದೆ. ಶ್ರಾವಣದಲ್ಲಿ ಒಂದು ಮುಂಜಾನೆ ಓಣಿಯಲ್ಲಿ ಹಾಸು ಹರಡಿ ನೂಲಿಗೆ ಗಂಜಿ ಹಚ್ಚುತ್ತಿದ್ದೆವು. ನಾನು ಆ ತುದಿಯಲ್ಲಿ ಕುಂಚ ಎಳೆಯುತ್ತಿದ್ದೆ, ಗಂಜಿಯ ಗಡಿಗೆ ಈ ತುದಿಯಲ್ಲಿತ್ತು. ಹುಲಗ್ಯಾ ಅದರ ಪಕ್ಕ ಕೂತು, ತೋಳು ಮೊಣಕೈತನಕ ಒಳಗಿಟ್ಟು, ತೆಗೆದು ತೆಗೆದು ನೆಕ್ಕುತ್ತಿದ್ದ. "ಏ ಪುಂಡಲೀಕಾ, ನಿನ್ನ ಸೀರಿ ಉಣ್ಣಾಕ ಹತ್ಯಾನ ನೋಡಲೇ!" ಎಂದು ಓಣಿಯೆಲ್ಲ ಕೂಗಿತು. ಓಡಿ ಬಂದು ಎತ್ತಿಕೊಂಡರೆ ಅವನಿಗೆ ಸಿಟ್ಟು. "ಉಪ್ಪಿಲ್ಲ" ಎಂದು ನನ್ನ ಮೇಲೆಯೇ ಆಕ್ಷೇಪ. ಅಂದಿನಿಂದ ಗಂಜಿ ಕಾಯಿಸುವ ದಿನ ಅವನಿಗೊಂದು ಬಟ್ಟಲು ಉಪ್ಪು ಹಾಕಿ ತೆಗೆದಿಡುತ್ತೇನೆ. ದ್ಯಾಮಿ ರಾಟಿಯ ಮುಂದೆ ಕೂತು ಕಂಡಿಕೆ ಸುತ್ತಲು ಕಲಿತಿದ್ದಾಳೆ. ನೀನು ಹೋದ ಮೇಲೆ ಆ ರಾಟಿ ಧೂಳು ಹಿಡಿದಿತ್ತು. ಮಡಿಲಲ್ಲಿ ಹುರಿದ ಶೇಂಗಾ ಇದ್ದಷ್ಟು ಹೊತ್ತು ರಾಟಿ ತಿರುಗುತ್ತದೆ, ಮುಗಿದರೆ ನಿಲ್ಲುತ್ತದೆ. ಅವಳ ಶೇಂಗಾದಲ್ಲಿ ಒಂದು ಕಾಳು ತಮ್ಮನಿಗೆ ಕೊಟ್ಟದ್ದನ್ನು ನಾನು ಕಂಡಿಲ್ಲ. ಅವನ ತಾಟಿನಿಂದ ತುಣುಕು ಎಳೆದುಕೊಂಡದ್ದನ್ನು ಬೇಕಾದಷ್ಟು ಸಲ ಕಂಡಿದ್ದೇನೆ. ಉಳಿದದ್ದರಲ್ಲಿ ಒಳ್ಳೆಯ ಹುಡುಗಿ. ತಮ್ಮ ಅತ್ತರೆ ಹೊತ್ತು ತಿರುಗುತ್ತಾಳೆ, ಮುಖ ತೊಳೆಯುತ್ತಾಳೆ. ರೊಟ್ಟಿಯ ವಿಷಯದಲ್ಲಿ ಮಾತ್ರ ಅವಳಿಗೆ ತಮ್ಮನೂ ಇಲ್ಲ, ಮಾಮನೂ ಇಲ್ಲ.

ಇಷ್ಟೆಲ್ಲ ಇದ್ದರೂ ನಿನಗೇಕೆ ಬರೆಯಲಿಲ್ಲ ಎಂಬುದನ್ನು ಹೇಳಬೇಕು. ಮೊದಲ ಸಂಜೆ ಹುಲಗ್ಯಾ ಖಾಲಿ ತಾಟು ಮುಂದೆ ನೂಕಿ, "ಇನ್ನೊಂದು ಚೂರು ರೊಟ್ಟಿ ಕೊಡು ಮಾಮಾ" ಎಂದ. ನನಗೆ ಅಲ್ಲಿ ಕೂರಲಾಗಲಿಲ್ಲ. ಹಿತ್ತಲಿಗೆ ಹೋಗಿ ನೀರಿನ ಬಾನಿ ಹಿಡಿದು ನಿಂತೆ. ನಮ್ಮ ಮಂಜಿಯೂ ಇದೇ ಮಾತನ್ನು, ಇಷ್ಟೇ ಸಣ್ಣ ದನಿಯಲ್ಲಿ, "ಯವ್ವಾ, ಒಂದು ಚೂರು ರೊಟ್ಟಿ ಕೊಡಬೇ" ಎಂದು ಕೇಳುತ್ತ ಹೋದಳು. ವಾರಗಟ್ಟಲೆ ಕಾಯುವ ಆ ಮುದ್ದತಿ ಜ್ವರ ಇಳಿಯುವ ತನಕ ಗಟ್ಟಿ ಪದಾರ್ಥ ಹೊಟ್ಟೆಗೆ ಹೋಗಬಾರದು, ಹೋದರೆ ಮಗು ಉಳಿಯುವುದಿಲ್ಲ ಎಂದು ವೈದ್ಯರು ಹೇಳಿದ್ದರು. ಅವರು ಎಲ್ಲರಿಗೂ ಹೇಳುವ ಮಾತೇ ಅದು. ನೀನು ಕೊಡಲಿಲ್ಲ. ಸೆರಗು ಬಾಯಿಗೆ ತುರುಕಿಕೊಂಡು ಅವಳ ತಲೆ ಸವರುತ್ತ ಕೂತಿದ್ದೆ. ಕೊಡದಿದ್ದರೂ ಮಗು ಉಳಿಯಲಿಲ್ಲ. ಅದರಲ್ಲಿ ನಿನ್ನ ತಪ್ಪು ಹುಡುಕುವವನು ನಾನಲ್ಲ ಎಂದು ಎಷ್ಟು ಹೇಳಿದರೂ ನೀನು ಕೇಳಲಿಲ್ಲ. ಮುಂದಿನ ತಿಂಗಳೇ ಸ್ವಾತಂತ್ರ್ಯ ಬಂತು. ಶಾಲೆಯಲ್ಲಿ ಬಾವುಟ ಏರಿಸಿ ಪೇಢೆ ಹಂಚಿದರು. ಪಟ್ಟಿಯಲ್ಲಿ ಹೆಸರು ಇನ್ನೂ ಇತ್ತೆಂದು ಮಾಸ್ತರರು ಮಂಜಿಯ ಪಾಲನ್ನು ಮನೆಗೆ ಕಳಿಸಿದ್ದರು. ನೀನು ಅದನ್ನು ಗೋಡೆಯ ಮಾಡದಲ್ಲಿ ಇಟ್ಟೆ. ಯಾರಿಗೂ ಕೊಡಲಿಲ್ಲ. ಇರುವೆ ತಿಂದವು. ಇರುವೆಗಳಾದರೂ ತಿಂದವಲ್ಲ ಎಂದು ನನಗೆ ಅನಿಸಿತ್ತು. ಆಗ ಹೇಳಲಿಲ್ಲ.

ಆಮೇಲೆ, ತೀರಿಹೋದವರಿಗೆ ಎಡೆ ಇಡುವ ಆ ಮಾನೌಮಿ ಅಮಾಸೆ. ಹೋಳಿಗೆ ಮಾಡಿ, ಮಂಜಿಯ ಹೆಸರಿನ ಎಡೆ ಮಾಳಿಗೆಯ ಮೇಲೆ ಇಟ್ಟು, ನೀನು ಹೊತ್ತು ಮುಳುಗುವ ತನಕ ಕೆಳಗೆ ಉಪವಾಸ ಕೂತಿದ್ದೆ. ಕಾಗೆ ಬಂದವು, ಸುತ್ತು ಹಾಕಿದವು, ಮುಟ್ಟದೆ ಹೋದವು. "ಹುಡುಗಿ ಹಸದು ಹೋಗೈತಿ, ಅದಕ್ಕಽ ಮುಟ್ಟವಲ್ದು" ಎಂದಳು ಕರಿಯವ್ವ. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಬಾಯಿಗೆ ಬಂದದ್ದನ್ನು ಅಂದಳು. ಮರುದಿನ ನೀನು ಒಲೆ ಹಚ್ಚಲಿಲ್ಲ. "ರೊಟ್ಟಿ ಬಡಿಯಾಕ ನನ್ನ ಕೈ ಏಳವಲ್ದುರಿ, ನನ್ನ ತವರಿಗೆ ಕಳಸ್ರಿ" ಎಂದೆ. ಕಳಿಸಿದೆ. ಅದಕ್ಕೇ, ಬೇಡುವ ಮಕ್ಕಳು ಈ ಮನೆಯಲ್ಲಿ ಎರಡಿವೆ ಎಂದು ನಿನಗೆ ಹೇಗೆ ಬರೆಯಲಿ?

ಆ ಮೊದಲ ಸಂಜೆ ನಾನು ಹಿತ್ತಲಿಂದ ಒಳಗೆ ಬಂದು ಹುಲಗ್ಯಾನಿಗೆ ಇನ್ನೊಂದು ಚೂರಲ್ಲ, ಒಂದು ಪೂರ್ತಿ ರೊಟ್ಟಿ ಹಾಕಿದೆ. ಅವನು ನನ್ನ ಮುಖ ನೋಡದೆ ಉಂಡ. ಮತ್ತೆ ಕೇಳಿದ, ಮತ್ತೆ ಹಾಕಿದೆ. ಕೇಳಿದ್ದಕ್ಕೆ ಹಾಕುವುದು, ಹಾಕಿದ್ದನ್ನು ಅವು ಉಣ್ಣುವುದು, ದಿನವೂ ಇಷ್ಟೇ. ಈಗ ಹಿತ್ತಲಿಗೆ ಹೋಗುವುದಿಲ್ಲ. ಅಲ್ಲೇ ಕೂತಿರುತ್ತೇನೆ.

ಈ ಸಲದ ಎಡೆಯ ಸಂಗತಿ ಬರೆಯುತ್ತೇನೆ. ಹೋಳಿಗೆ ನನ್ನಿಂದ ಆಗುವಂಥದ್ದಲ್ಲ. ಬಿಸಿ ರೊಟ್ಟಿ ಮುರಿದು, ಬೆಲ್ಲ ತುಪ್ಪ ಹಾಕಿ ಕಲಸಿದೆ. ಅವಳು ಕೇಳಿದ್ದು ರೊಟ್ಟಿಯನ್ನೇ ಅಲ್ಲವೇ. ಮುತ್ತಲ ಎಲೆಯ ತುಂಬ ಹಾಕಿ, ದೇವರಿಗೆ ತೋರಿಸಿ, ನಿಚ್ಚಣಿಕೆ ಹತ್ತಿ ಮಾಳಿಗೆಯ ಮೇಲೆ ಇಟ್ಟು ಬಂದೆ. ಕರಿಯವ್ವನ ಮಾಳಿಗೆಗೂ ನಮ್ಮದಕ್ಕೂ ನಡುವೆ ಮೊಣಕಾಲೆತ್ತರದ ಗೋಡೆ, ನೀನು ಬಲ್ಲೆ. ಆ ಕಡೆ ಅವಳು ಹೆಸರುಕಾಳು ಒಣಹಾಕಿದ್ದಳು. ಹಕ್ಕಿ ಓಡಿಸಲು ನಮ್ಮ ಎರಡು ಮಕ್ಕಳ ಕೈಗೆ ಒಂದೊಂದು ಜೋಳದ ದಂಟು ಕೊಟ್ಟು ಕಾವಲು ಕೂರಿಸಿದ್ದಳು. ಹಸಿ ಕಾಳನ್ನಂತೂ ತಿನ್ನಲಾರವು ಎಂಬುದು ಅವಳ ಧೈರ್ಯ. ಮಧ್ಯಾಹ್ನ ಇಳಿದ ಮೇಲೆ ಅವಳು ಕಾಳು ಬಳಿಯಲು ಮೇಲೆ ಹೋದಳು. ಹೋದವಳೇ ಅಲ್ಲಿಂದ ಕೂಗಿದಳು: "ಪುಂಡಲೀಕಾ, ಮುಟ್ಟೇತೋ! ಎಲಿ ಬಳಕೊಂಡು ತಿಂದೇತೋ! ನಿನ್ನ ಮಗಳು ಹೊಟ್ಟಿ ತುಂಬ ಉಂಡು ಹೋದಳೋ ತಮ್ಮಾ!" ನಾನು ಹತ್ತಿ ನೋಡಿದೆ. ಎಲೆಯ ಮೇಲೆ ಒಂದು ಚೂರೂ ಇರಲಿಲ್ಲ. ಗೋಡೆಯ ಮೇಲೆ ಒಂದು ಕಾಗೆ ಕೂತಿತ್ತು. ಕರಿಯವ್ವ ಕಾಳಿನ ನಡುವೆಯೇ ಕುಸಿದು, "ಹೋದ ವರ್ಷ ಅಂದ ಈ ನಾಲಗಿ ಸುಟ್ಟುಹೋಗ್ಲಿ, ಸುಮಿತ್ರಾನ ಮುಂದ ಹೆಂಗ ಮಾರಿ ತೋರಿಸ್ಲಿ ಅಂತ ವರ್ಷೆಲ್ಲಾ ಕೂಳು ಸೇರಿಲ್ಲೋ ನನಗ" ಎಂದು ಅತ್ತಳು. ನಾನೂ ಅತ್ತೆ. ಕೆಳಗಿಳಿದು ಮಗ್ಗದ ಕುಣಿಯಲ್ಲಿ ಕಾಲು ಬಿಟ್ಟು ಸುಮ್ಮನೆ ಕೂತಿದ್ದೆ. ಬಹಳ ದಿನದ ಮೇಲೆ ಎದೆ ಹಗುರಾಗಿತ್ತು.

ಇಲ್ಲಿಯ ಉಳಿದ ಸುದ್ದಿ ಇಷ್ಟು. ಮೊಗಲಾಯಿ ಈಗ ತಣ್ಣಗಾಗಿದೆ. ಜನ ತಿರುಗಿ ಊರಿಗೆ ಹೋಗುತ್ತಿದ್ದಾರೆ. ಸುಗ್ಗಿ ಮುಗಿಸಿ ದೇವಪ್ಪ ಬಂದು ಮಕ್ಕಳನ್ನು ಕರೆದೊಯ್ಯುವವನಿದ್ದಾನೆ. ನಿಮ್ಮ ಲಕ್ಷ್ಮೇಶ್ವರ ಸೀಮೆಯೂ ಮಿರಜದ ರಾಜರನ್ನು ಬಿಟ್ಟು ನಮ್ಮ ಮುಂಬಯಿ ಇಲಾಖೆಗೇ ಸೇರಿತು. ನನ್ನ ತವರು ಬೇರೆ ರಾಜ್ಯ ಎಂದು ಮೆರೆಯುತ್ತಿದ್ದೆಯಲ್ಲ, ಅದೂ ಹೋಯಿತು. ಕನ್ನಡದವರೆಲ್ಲ ಒಂದೇ ಸರಕಾರದ ಕೆಳಗೆ ಬರಬೇಕೆಂದು ಗದಗಿನಲ್ಲಿ ಸಭೆ ನಡೆಯುತ್ತವೆ. ಹಾಗಾದ ದಿನ ಆ ಸರಕಾರಕ್ಕೆ ನಮ್ಮ ಹುಲಗ್ಯಾನ ಹೊಟ್ಟೆಯ ವಿಷಯ ಯಾರಾದರೂ ಮೊದಲೇ ತಿಳಿಸುವುದು ಒಳ್ಳೆಯದು.

ಮಾವನವರಿಗೂ ಅತ್ತೆಯವರಿಗೂ ನನ್ನ ನಮಸ್ಕಾರ ಹೇಳು. ದೇವರು ನಿನ್ನ ಮೈಗೆ ಬಲ ಕೊಡಲಿ. ಬಿಸಿಲಿಗೆ ಬೆನ್ನು ಕೊಟ್ಟು ಕೂತು, ಅರ್ಧ ರೊಟ್ಟಿಯನ್ನು ಒಂದು ಮಾಡು.

ಇಂತಿ ನಿನ್ನವನಾದ
ಪುಂಡಲೀಕಪ್ಪ

ತಾ. ಕ.— ಪತ್ರ ಮಡಿಸಿ ಅಂದಪ್ಪನ ಕೈಗೆ ಕೊಟ್ಟಿದ್ದೆ. ಮತ್ತೆ ಇಸಿದುಕೊಂಡೆ. ಎತ್ತಿಗೆ ನೀರು ತೋರಿಸುತ್ತಿದ್ದಾನೆ, ಬೇಗ ಬರೆಯುತ್ತೇನೆ. ಎಡೆಯನ್ನು ಕಾಗೆ ಮುಟ್ಟಲಿಲ್ಲ, ಸುಮಿತ್ರಾ. ಅಂದು ಸಂಜೆ ಉಣ್ಣಲು ಕರೆದರೆ ಎರಡೂ ಮಕ್ಕಳು "ಒಲ್ಲೆ, ಹಸಿವಿಲ್ಲ" ಎಂದವು. ಹುಲಗ್ಯಾನ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು. ಹಣೆ ಮುಟ್ಟಿ ನೋಡಿದೆ, ಜ್ವರ ಇಲ್ಲ. ಕೇಳಿದರೆ ದ್ಯಾಮಿ ಮುಚ್ಚಿಡದೆ ಹೇಳಿದಳು. ಕಾಗೆ ಬಂದಿದ್ದವು, ಕರಿಯವ್ವಾಯಿ ಕಾಯಲು ಹೇಳಿದ್ದಾಳೆಂದು ದಂಟು ಬೀಸಿ ಓಡಿಸಿದರಂತೆ. ಆಮೇಲೆ ಗೋಡೆ ದಾಟಿ ಕೂತು ಉಂಡರಂತೆ. ಕದ್ದು ತಿಂದದ್ದು ಎಂಬ ಅಳುಕು ಅವಳಿಗೆ ಎಳ್ಳಷ್ಟೂ ಇರಲಿಲ್ಲ. "ಮಂಜಕ್ಕ ಸಣ್ಣಾಕಿ ಅಲ್ಲೇನು ಮಾಮಾ? ನಮ್ಮೂರಾಗ ನಮ್ಮ ಸಣ್ಣ ತಮ್ಮನ ಎಡಿ ನಾವಽ ಉಂಡ್ವಿ. ಅಮ್ಮ ತಾನಽ ಕರದು ಕೂರಿಸಿದ್ಲು. ಕಾಗಿಗೆ ಯಾಕ ಕೊಡ್ತಿ?" ಎಂದಳು. ಅಮ್ಮ ಎಂದರೆ ದೇವಪ್ಪನ ತಾಯಿ. ಸತ್ತ ಮಗುವಿನ ಎಡೆಯನ್ನು ಮನೆಯ ಮಕ್ಕಳಿಗೇ ಉಣಿಸುವುದು ಅವರ ಪದ್ಧತಿಯಂತೆ. ನನಗೆ ಸಿಟ್ಟು ಬರಲಿಲ್ಲ. ಎದೆ ಹಗುರಾದದ್ದು ಹಗುರಾಗಿಯೇ ಉಳಿಯಿತು. ಕರಿಯವ್ವಗೆ ಹೇಳಿಲ್ಲ, ಆ ಮುದುಕಿ ಈಗ ಚೆನ್ನಾಗಿ ಉಣ್ಣುತ್ತಿದ್ದಾಳೆ. ಆದರೆ ನೀನು ಕಾಗೆಯನ್ನು ನಂಬಿ ಗಾಡಿ ಹತ್ತುವುದು ನನಗೆ ಬೇಡ. ಇದನ್ನು ಓದಿ, ಗಂಟು ಬಿಚ್ಚುವುದಾದರೆ ಬಿಚ್ಚು, ನಾನು ಏನೂ ಅನ್ನುವುದಿಲ್ಲ. ಇಲ್ಲಿಗೆ ಬಂದರೆ ದಿನಕ್ಕೆ ಎಷ್ಟೋ ಸಲ ಆ ಮಾತೇ ಕಿವಿಗೆ ಬೀಳುತ್ತದೆ, "ಇನ್ನೊಂದು ಚೂರು ರೊಟ್ಟಿ" ಎಂದು. ಹಾಕಿದರೆ ಉಣ್ಣುತ್ತವೆ, ಅಷ್ಟನ್ನು ಮಾತ್ರ ಖರೆ ಮಾಡಿ ಹೇಳಬಲ್ಲೆ. ಅತ್ತಿ ಬರುತ್ತಾಳೆಂದು ನಿನ್ನೆ ಕೇಳಿದ ದ್ಯಾಮಿ, "ಅತ್ತಿ ಎಷ್ಟು ರೊಟ್ಟಿ ಉಣ್ಣತಾಳು?" ಎಂದು ಚಿಂತೆಯಿಂದ ವಿಚಾರಿಸಿದಳು. ಮೊದಲು ಬಹಳ ಉಣ್ಣುತ್ತಿದ್ದಳು, ಈಗ ಅರ್ಧ ಮಾತ್ರ ಎಂದೆ. ಸ್ವಲ್ಪ ಹೊತ್ತು ಬುಟ್ಟಿಯ ಕಡೆ ನೋಡಿದಳು. "ಬರಲಿ ತಗೋ. ನನ್ನ ಪಾಲಿನ್ಯಾಗಿಂದು ಅಕಿಗೆ ಒಂದು ಕೊಡ್ತೀನಿ" ಎಂದಳು. ನೀನು ಆ ಹುಡುಗಿಯನ್ನು ಕಂಡಿಲ್ಲ. ಅದಕ್ಕೇ ಮತ್ತೆ ಬರೆಯುತ್ತಿದ್ದೇನೆ, ಅವಳು ಯಾರಿಗೂ ಕೊಡುವವಳಲ್ಲ.